ಎರಡು ವೈರಿನ ಕ್ರ್ಯಾಂಕ್ ಸೆನ್ಸರ್: ಬಹುಕಾಲ ಬಳಸಿದ ಮೇಲಿನ ಅಭಿಪ್ರಾಯ

ಐದಕ್ಕೆ ನಾಲ್ಕು ಸ್ಟಾರ್. ಇದು ಎಂಜಿನ್ನಿನ ಕ್ರ್ಯಾಂಕ್ ಶಾಫ್ಟ್ ತಿರುಗುವುದನ್ನು ಇಸಿಯುಗೆ (ಎಂಜಿನ್ ಕಂಪ್ಯೂಟರಿಗೆ) ತಿಳಿಸುವ, ಒರಿಜಿನಲ್ ಅಲ್ಲದ ಇಂಡಕ್ಟಿವ್ (ಆಯಸ್ಕಾಂತ ಮತ್ತು ಕಾಯಿಲ್ ಇರುವ) ಸೆನ್ಸರ್. ಹಾಕಿದ ಮೇಲೆ ಪಿ0335 ಕೋಡ್ (ಕ್ರ್ಯಾಂಕ್ ಸೆನ್ಸರ್ ಸರ್ಕ್ಯೂಟ್ ದೋಷ) ಮತ್ತೆ ತಲೆ ಹಾಕಿಲ್ಲ, ಎಂಜಿನ್ ಎಷ್ಟೇ ಕಾದಿದ್ದರೂ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಒಂದು ಸ್ಟಾರ್ ಕಳೆದದ್ದು ಜೊತೆಗೆ ಕೊಡುವ ಓ-ರಿಂಗಿಗೆ, ಅಂದರೆ ಎಣ್ಣೆ ತಡೆಯುವ ರಬ್ಬರ್ ಬಳೆಗೆ. ಅದು ಬೇಗ ಗಟ್ಟಿಯಾಗಿ ಎಣ್ಣೆ ಜಿನುಗುತ್ತದೆ. ಅಳತೆಗೆ ಸರಿಹೊಂದುವ ವಿಟಾನ್ (ಶಾಖ, ಎಣ್ಣೆ ತಡೆಯುವ ರಬ್ಬರ್) ರಿಂಗನ್ನು ಬೇರೆಯಾಗಿ ತಂದಿಟ್ಟುಕೊಳ್ಳಿ.

ಕೊಳ್ಳುವ ಮೊದಲು ಹಳೆಯದು ನಿಜಕ್ಕೂ ಕೆಟ್ಟಿದೆಯೇ ನೋಡಿ. ಕೆಟ್ಟಿದ್ದರೆ ಕಾದಾಗ ಒಳಗಿನ ಕಾಯಿಲ್ ತಂತಿ ಬಿಟ್ಟುಕೊಂಡು ಎಂಜಿನ್ ನಿಲ್ಲುತ್ತದೆ, ಆರಿದ ಮೇಲೆ ಏನೂ ಆಗದಂತೆ ಮತ್ತೆ ಓಡುತ್ತದೆ. ತಣ್ಣಗಿದ್ದಾಗ ಮಲ್ಟಿಮೀಟರ್ ಹಿಡಿದರೆ ಎಲ್ಲ ಸರಿಯಾಗೇ ಕಾಣುತ್ತದೆ, ಆದ್ದರಿಂದ ಬಿಸಿಯಲ್ಲೇ ಅಳೆಯಿರಿ. ಕಾಯಿಲ್‌ನ ರೋಧ ಸಾಮಾನ್ಯವಾಗಿ ಕೆಲವು ನೂರು ಓಮ್‌ನಿಂದ ಸಾವಿರದ ಆಸುಪಾಸು ಇರುತ್ತದೆ; ಮ್ಯಾನುಯಲ್‌ನಲ್ಲಿ ಇರುವ ಅಂಕಿಯೇ ಅಂತಿಮ. ಹಾಲ್ ಸೆನ್ಸರಿಗೆ (ಒಳಗೆ ಎಲೆಕ್ಟ್ರಾನಿಕ್ ಚಿಪ್ ಇರುವ ಬಗೆ) ಈ ಓಮ್ ಪರೀಕ್ಷೆ ಹೊಂದುವುದಿಲ್ಲ.

ಬಿಚ್ಚುವ ಮುಂಚೆ ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಬೋಲ್ಟ್ ಬಂದರೂ ಸೆನ್ಸರ್ ಕಚ್ಚಿಕೊಂಡಿರುತ್ತದೆ. ಸ್ಕ್ರೂಡ್ರೈವರಿನಿಂದ ಮೀಟಿದರೆ ಪ್ಲಾಸ್ಟಿಕ್ ಒಡೆದು ತುದಿ ಒಳಗೇ ಉಳಿಯುತ್ತದೆ. ಎಡಕ್ಕೂ ಬಲಕ್ಕೂ ತಿರುಚುತ್ತಾ ಎಳೆಯಿರಿ. ತುದಿಯ ಆಯಸ್ಕಾಂತಕ್ಕೆ ಮೀಸೆಯಂತೆ ಅಂಟಿದ ನುಣ್ಣನೆ ಕಬ್ಬಿಣದ ಪುಡಿ ಒರೆಸಿದರೆ ಸಾಕು, ಚೂರುಗಳಿದ್ದರೆ ಮಾತ್ರ ಸೆನ್ಸರಿನ ಎದುರು ಕ್ರ್ಯಾಂಕ್ ಜೊತೆ ತಿರುಗುವ ರಿಂಗಿನ ಹಲ್ಲುಗಳನ್ನು ನೋಡಲೇಬೇಕು. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ಮೂತಿಯ ಉದ್ದವನ್ನು ವರ್ನಿಯರ್‌ನಲ್ಲಿ ಅಳೆಯಿರಿ. ಅಗ್ಗದ ಮಾಲು ಕೈಕೊಡುವುದು ಹೆಚ್ಚಾಗಿ ಇಲ್ಲೇ.

ಒಂದೇ ಬೋಲ್ಟಿನ, ಉದ್ದ ತೂತಿಲ್ಲದ ಸೆನ್ಸರಿಗೆ ಹೊಂದಿಸುವ ಕೆಲಸವೇ ಇಲ್ಲ. ಬ್ರಾಕೆಟ್ಟಿನಲ್ಲಿ ಉದ್ದ ತೂತಿದ್ದರೆ ಗ್ಯಾಪ್ (ಸೆನ್ಸರ್ ತುದಿಗೂ ರಿಂಗಿನ ಹಲ್ಲಿಗೂ ನಡುವಿನ ಅಂತರ) ನಿಮ್ಮ ಜವಾಬ್ದಾರಿ. ಮ್ಯಾನುಯಲ್‌ನಲ್ಲಿ ಹೇಳಿದಷ್ಟೇ ಇಡಿ, ಸಾಮಾನ್ಯವಾಗಿ 0.5ರಿಂದ 1.5 ಮಿಲಿಮೀಟರ್. ಫೀಲರ್ ಗೇಜ್ (ಅಂತರ ಅಳೆಯುವ ತೆಳು ಪಟ್ಟಿ) ಹಿತ್ತಾಳೆಯದ್ದಿರಲಿ, ಉಕ್ಕಿನದನ್ನು ಆಯಸ್ಕಾಂತ ಎಳೆದು ಕೈಗೆ ಸುಳ್ಳು ಹೇಳುತ್ತದೆ. 60-2 ರಿಂಗಿನಲ್ಲಿ 58 ಹಲ್ಲುಗಳು, ಎರಡರ ಜಾಗ ಖಾಲಿ. ಆ ಖಾಲಿ ಜಾಗದ ಎದುರು ಗ್ಯಾಪ್ ಇಟ್ಟರೆ ಮುಂದಿನ ಹಲ್ಲು ಬಂದು ತುದಿಯನ್ನೇ ಕೆರೆಯುತ್ತದೆ. ರಿಂಗ್ ಓಲಾಡುವುದೂ ಉಂಟು. ಕ್ರ್ಯಾಂಕನ್ನು ಕೈಯಲ್ಲಿ ಪೂರ್ತಿ ಒಂದು ಸುತ್ತು ತಿರುಗಿಸಿ, ನಾಲ್ಕು ಕಡೆ ಅಳೆದು, ಅತಿ ಹತ್ತಿರ ಬರುವ ಹಲ್ಲಿಗೆ ತಕ್ಕಂತೆ ಹೊಂದಿಸಿ. ಎಂ6 ಬೋಲ್ಟಿಗೆ 8ರಿಂದ 10 ನ್ಯೂಟನ್ ಮೀಟರ್ ಸಾಕು, ಹೆಚ್ಚು ಬಿಗಿದರೆ ಬೋಲ್ಟ್ ಕೂರುವ ಸೆನ್ಸರಿನ ಕಿವಿ ಸೀಳುತ್ತದೆ.

ಕನೆಕ್ಟರ್ ಬದಲು ವೈರ್ ಕತ್ತರಿಸಿ ಸೇರಿಸುವವರು ಎರಡು ವೈರ್ ಅದಲುಬದಲಾಗದಂತೆ ನೋಡಿಕೊಳ್ಳಲಿ. ಪೊಲಾರಿಟಿ ತಿರುಗಿದರೆ ಖಾಲಿ ಜಾಗವನ್ನು ಇಸಿಯು ತಪ್ಪಾಗಿ ಓದುತ್ತದೆ; ಎಂಜಿನ್ ಸ್ಟಾರ್ಟ್ ಆಗದೆ ಇರಬಹುದು, ಇಲ್ಲವೇ ವೇಗ ಏರಿದಾಗ ಮಿಸ್‌ಫೈರ್. ಶೀಲ್ಡ್ ಒಂದೇ ತುದಿಯಲ್ಲಿ ಅರ್ತ್ ಆಗಿರಲಿ, ಕೇಬಲ್ ಪ್ಲಗ್ ವೈರುಗಳಿಂದ ದೂರ ಹೋಗಲಿ.

ಬದಲಿಸಿದ ಮೇಲೆ ಪಿ0016 (ಕ್ರ್ಯಾಂಕ್ ಮತ್ತು ಕ್ಯಾಮ್ ಶಾಫ್ಟ್ ಒಂದಕ್ಕೊಂದು ಹೊಂದುತ್ತಿಲ್ಲ ಎಂಬ ಕೋಡ್) ಬಂದರೆ ಸೆನ್ಸರನ್ನು ಸರಿಸಿ ಸರಿಮಾಡಲು ಹೋಗಬೇಡಿ. ಹೆಚ್ಚಾಗಿ ಟೈಮಿಂಗ್ ಚೈನ್ ಸಡಿಲವಾಗಿದೆ, ಅಥವಾ ಬೆಲ್ಟ್ ಹಲ್ಲು ಹಾರಿದೆ. ಇನ್ನು ಕೆಲವು ಎಂಜಿನ್‌ಗಳಿಗೆ ಸ್ಕ್ಯಾನರಿನಿಂದ ಕ್ರ್ಯಾಂಕ್ ರೀಲರ್ನ್ (ಇಸಿಯು ಹೊಸ ಸೆನ್ಸರಿನ ಸಿಗ್ನಲ್ ಅನ್ನು ಮತ್ತೆ ಕಲಿಯುವುದು) ಮಾಡಿಸಬೇಕು. ಬಿಟ್ಟರೆ ಪಿ0315 (ಆ ಕಲಿಕೆ ಆಗಿಲ್ಲ ಎಂಬ ಕೋಡ್) ಬಂದು ಚೆಕ್ ಎಂಜಿನ್ ದೀಪ ಉರಿಯುತ್ತಲೇ ಇರುತ್ತದೆ.