ವಾಕಿಂಗ್ ಶೂ: ಡಾಂಬರಿಗೆ ಸರಿ, ಮಲೆನಾಡಿನ ಮಳೆಗೆ ಅಲ್ಲ

ದಿನವಿಡೀ ಹೊಲಿಗೆ ಮಷಿನ್ ಮುಂದೆ ಕೂರುವ ಕೆಲಸ ನನ್ನದು. ತೂಕ ಇಳಿಸಲು ನಡೆಯಲೇಬೇಕಿತ್ತು. ಶಿವಮೊಗ್ಗದ ದುರ್ಗಿಗುಡಿಯ ಒಂದು ಅಂಗಡಿಯಲ್ಲಿ 1,800 ರೂಪಾಯಿಗೆ ಈ ಶೂ ತಗೊಂಡೆ. ಬೇಕಂತಲೇ ಸಂಜೆ ಹೋಗಿದ್ದೆ. ಆ ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ, ಆಗ ಸರಿಹೋದ ಶೂ ಬೆಳಿಗ್ಗೆ ಕಚ್ಚುವುದಿಲ್ಲ.

ಹಗುರವಾಗಿದೆ, ಹಿಮ್ಮಡಿಗೆ ಮೆತ್ತಗಿದೆ. ಗಾಂಧಿ ಪಾರ್ಕಿನಲ್ಲಿ ಅರ್ಧ ಗಂಟೆ ಬಿರುಸಾಗಿ ನಡೆದರೂ ಮಂಡಿ ಗೊಣಗುವುದಿಲ್ಲ. ಬಿರುಸು ಅಂದರೆ, ಪಕ್ಕದವರ ಜತೆ ಮಾತಾಡಬಹುದು, ಹಾಡಲು ಆಗಬಾರದು, ಅಷ್ಟು.

ಆದರೆ ಮಳೆ! ಮೇಲ್ಭಾಗ ಪೂರ್ತಿ ಜಾಲರಿ. ಆಷಾಢದ ಜಡಿಮಳೆಯಲ್ಲಿ ಐದೇ ನಿಮಿಷಕ್ಕೆ ಕಾಲುಚೀಲ ತೊಪ್ಪೆ. ಬೇಗ ಒಣಗಲಿ ಅಂತ ಒಲೆ ಹತ್ತಿರ ಇಡಬೇಡಿ, ಅಂಟು ಬಿಡುತ್ತದೆ. ಹಳೇ ಪೇಪರ್ ತುರುಕಿ ಫ್ಯಾನ್ ಕೆಳಗಿಡಿ. ತೀರ್ಥಹಳ್ಳಿಯ ತವರಲ್ಲಿ ಪಾಚಿ ಹಿಡಿದ ಅಂಗಳದ ಮೇಲೆ ಜಾರಿದ್ದೂ ಆಯಿತು. ಶೂ ಅಡಿಭಾಗದ ಗೀರು ಆಳವಿಲ್ಲ. ಆಗುಂಬೆ ಕಡೆಯವರಂತೂ ಇದರ ತಂಟೆಗೇ ಹೋಗಬೇಡಿ.

ತೂಕ ಇಳಿಯಿತಾ ಅಂತ ಕೇಳ್ತೀರಿ ಅಲ್ವಾ? ಸ್ವಲ್ಪ ಇಳಿದಿದೆ. ರಾತ್ರಿ ಕಡುಬು ಕಡಿಮೆ ಮಾಡಿದ್ದರ ಪಾಲೇ ಜಾಸ್ತಿ ಇರಬಹುದು. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸು ನಡಿಗೆಯಂಥ ಚಟುವಟಿಕೆ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ವಾಪಸ್ ಬರುವಾಗ ಬಜ್ಜಿ ಅಂಗಡಿ ಮುಂದೆ ನಿಂತರೆ ಶೂ ಏನು ಮಾಡೀತು?

ಐದಕ್ಕೆ ಮೂರು ಸ್ಟಾರ್. ಬೇಸಿಗೆಯಲ್ಲಿ ಬರೆದಿದ್ದರೆ ನಾಲ್ಕು ಕೊಡುತ್ತಿದ್ದೆ.