ಸಾಲಾಗಿ ನಾಲ್ಕು ಮುದ್ರೆ ಇದ್ದ ಮಾತ್ರಕ್ಕೆ ಬೆಳ್ಳಿ ಅಲ್ಲ: 95 ಸಾವಿರ ಕೊಟ್ಟು ಕಲಿತದ್ದು

ಮೊದಲೇ ಹೇಳಿಬಿಡುತ್ತೇನೆ. ಹಳೆಯ ಬೆಳ್ಳಿಯ ವಿಷಯದಲ್ಲಿ ನಾನು ಎರಡು ತಪ್ಪು ಮಾಡಿದೆ. ಒಂದರಲ್ಲಿ 95 ಸಾವಿರ ರೂಪಾಯಿ ಹೋಯಿತು. ಇನ್ನೊಂದರಲ್ಲಿ ಹೋದದ್ದು ಬರೀ 300 ರೂಪಾಯಿ, ಜೊತೆಗೆ ಅಜ್ಜಿಯ ಪನ್ನೀರುದಾನಿಯ ತಳದಲ್ಲಿದ್ದ ಒಂದು ಸಾಲು ಅಕ್ಷರ. ಈಗಲೂ ಹೊಟ್ಟೆ ಉರಿಯುವುದು ಈ ಎರಡನೆಯದಕ್ಕೇ.

ಎರಡು ಮೂರು ವರ್ಷದ ಹಿಂದಿನ ಮಾತು. ಬೆಂಗಳೂರಿನಲ್ಲಿ ಹಳೆಯ ಸಾಮಾನು ಮಾರುವ ಒಂದು ಅಂಗಡಿ. ಹೆಸರು ಬೇಡ. ಅಲ್ಲಿ ಮೂರು ತುಂಡಿನ ಟೀ ಸೆಟ್ ಕಣ್ಣಿಗೆ ಬಿತ್ತು: ಟೀ ಪಾಟ್, ಸಕ್ಕರೆ ಬಟ್ಟಲು, ಹಾಲಿನ ಜಗ್. ಅಂಚಿನಲ್ಲಿ ಮಣಿ ಸಾಲು, ಪಾಟಿನ ಹಿಡಿ ಕರೀ ಮರದ್ದು. ಅಂಗಡಿಯವರು ಕಥೆ ಶುರು ಮಾಡಿದರು. ಚಿಕ್ಕಮಗಳೂರಿನ ಕಾಫಿ ತೋಟದ ದೊರೆ ಬಂಗಲೆಯದಂತೆ, ದೊರೆಸಾನಿ ಇಂಗ್ಲೆಂಡಿನಿಂದ ತಂದದ್ದಂತೆ. ಆಮೇಲೆ ಪಾಟನ್ನು ಮಗುಚಿ ತಳ ತೋರಿಸಿದರು. ಸಾಲಾಗಿ ಪುಟ್ಟ ಪುಟ್ಟ ಗುರಾಣಿಯಂಥ ಚೌಕಟ್ಟುಗಳು. ನಾಲ್ಕರಲ್ಲಿ ಒಂದೊಂದು ಅಕ್ಷರ, ಪಕ್ಕದ್ದರಲ್ಲಿ ಒಂದು ಕಿರೀಟ. 'ನೋಡಿ ಸಾರ್, ಶೆಫೀಲ್ಡ್ ಕಿರೀಟ. ಹಾಲ್‌ಮಾರ್ಕ್. ಇದಕ್ಕಿಂತ ಇನ್ನೇನು ಬೇಕು?'

ನನಗೂ ಇನ್ನೇನೂ ಬೇಕಿರಲಿಲ್ಲ. ಇಂಗ್ಲಿಷ್ ಬೆಳ್ಳಿಗೆ ಸಾಲಾಗಿ ನಾಲ್ಕೈದು ಮುದ್ರೆ ಇರುತ್ತದೆ ಎಂದು ಎಲ್ಲೋ ಓದಿದ್ದೆ. ಅರ್ಧ ಓದಿದವನೇ ಸುಲಭವಾಗಿ ಮೋಸ ಹೋಗುವುದು. ಏನೂ ಗೊತ್ತಿಲ್ಲದ ನನ್ನ ಹೆಂಡತಿ 'ಬೇಡ ಬನ್ನಿ' ಎಂದಳು. ತೂಕ 1,190 ಗ್ರಾಂ ಬಂತು. ಗ್ರಾಂಗೆ 80 ರೂಪಾಯಿ ಲೆಕ್ಕ ಹಾಕಿ, 200 ರೂಪಾಯಿ ಕೊಸರು ಬಿಟ್ಟು, 95 ಸಾವಿರಕ್ಕೆ ಮುಗಿಸಿದರು. ಆವತ್ತಿನ ಬೆಳ್ಳಿ ದರಕ್ಕಿಂತ ಸ್ವಲ್ಪವೇ ಜಾಸ್ತಿ. ನೂರು ವರ್ಷದ ಕೆಲಸ ಪುಕ್ಕಟೆ ಸಿಕ್ಕಿತು ಎಂದುಕೊಂಡೆ. ಮರದ ಹಿಡಿಯನ್ನೂ ಬೆಳ್ಳಿಯ ತೂಕಕ್ಕೇ ಸೇರಿಸಿದ್ದರು ಎಂಬುದು ಆಗ ತಲೆಗೆ ಹೋಗಲಿಲ್ಲ.

ವರಮಹಾಲಕ್ಷ್ಮಿ ಹಬ್ಬಕ್ಕೆ ಮನೆಯ ಬೆಳ್ಳಿಯನ್ನೆಲ್ಲ ಉಜ್ಜುವಾಗ ಇದನ್ನೂ ತೆಗೆದೆವು. ಪಾಟಿನ ಮೂತಿಯ ತುದಿ, ಬಟ್ಟಲಿನ ಕಾಲಿನ ಅಂಚು, ಎರಡೂ ಕಡೆ ಬಿಳುಪಿನ ಕೆಳಗಿಂದ ಸ್ವಲ್ಪ ಹಳದಿ ಇಣುಕಿತು. ಅದೆಷ್ಟು ಉಜ್ಜಿದರೂ ಹೋಗಲಿಲ್ಲ. ಹೋಗುವುದಿರಲಿ, ಉಜ್ಜಿದಷ್ಟೂ ಜಾಸ್ತಿಯಾಯಿತು. ನಗರ್ತಪೇಟೆಯಲ್ಲಿ ಪರಿಚಯದ ಒಬ್ಬ ಹಿರಿಯ ಅಕ್ಕಸಾಲಿಗರಿದ್ದಾರೆ. ಅವರ ಹತ್ತಿರ ಒಯ್ದೆ. ಅವರು ಒರೆಗಲ್ಲು ಮುಟ್ಟಲೇ ಇಲ್ಲ. ಕಣ್ಣಿಗೆ ಲೂಪ್ (ಪುಟ್ಟ ಭೂತಗನ್ನಡಿ) ಹಚ್ಚಿಕೊಂಡು ತಳ ನೋಡಿದರು, ಬೆರಳಿನಲ್ಲಿ ಹಳದಿ ಜಾಗ ಸವರಿದರು, ನಕ್ಕರು. 'ಇದು ಇಂಗ್ಲೆಂಡಿನ ಜರ್ಮನ್ ಸಿಲ್ವರ್ ಸ್ವಾಮಿ.'

ಆ ಅಕ್ಷರಗಳು ಏನು ಗೊತ್ತಾ? ಇ, ಪಿ, ಎನ್, ಎಸ್. ಗೋಥಿಕ್ ಲಿಪಿಯಲ್ಲಿ, ಒಂದೊಂದು ಅಕ್ಷರಕ್ಕೆ ಒಂದೊಂದು ಚೌಕಟ್ಟು. ಎಲೆಕ್ಟ್ರೋಪ್ಲೇಟೆಡ್ ನಿಕಲ್ ಸಿಲ್ವರ್. ಅಂದರೆ ತಾಮ್ರ, ನಿಕಲ್, ಸತು ಸೇರಿಸಿದ ಲೋಹದ ಮೇಲೆ ಬೆಳ್ಳಿ ನೀರು ಹಾಕಿದ್ದು. ನಮ್ಮ ಕಡೆ ಪೂಜೆ ಸಾಮಾನಿಗೆ ಜರ್ಮನ್ ಸಿಲ್ವರ್ ಎನ್ನುತ್ತೇವಲ್ಲ, ಅದೇ ಜಾತಿ. ಹೆಸರಿನಲ್ಲಿ ಮಾತ್ರ ಸಿಲ್ವರ್, ಒಳಗೆ ಒಂದು ಗುಂಜಿ ಬೆಳ್ಳಿಯೂ ಇಲ್ಲ. ಬರ್ಮಿಂಗ್‌ಹ್ಯಾಮ್‌ನ ಎಲ್ಕಿಂಗ್ಟನ್ ಕಂಪನಿ 1840ರಲ್ಲಿ ವಿದ್ಯುತ್ತಿನಿಂದ ಬೆಳ್ಳಿ ಹತ್ತಿಸುವ ವಿಧಾನಕ್ಕೆ ಪೇಟೆಂಟ್ ಪಡೆಯಿತು. ಅಲ್ಲಿಂದಾಚೆಗೆ ಇಂಥ ಸಾಮಾನು ರಾಶಿ ರಾಶಿ ತಯಾರಾಗಿ, ಬ್ರಿಟಿಷರು ಹೋದಲ್ಲೆಲ್ಲ ಹೋಯಿತು. ನಮ್ಮ ತೋಟದ ಬಂಗಲೆಗಳಿಗೂ ಬಂತು. ಹಾಗಾಗಿ ದೊರೆಸಾನಿಯ ಕಥೆ ನಿಜವೇ ಇರಬಹುದು. ದೊರೆಸಾನಿಗೆ ತಾನು ಬಳಸುತ್ತಿರುವುದು ಮುಲಾಮಿನ, ಅಂದರೆ ಬೆಳ್ಳಿ ನೀರು ಹಾಕಿದ ಸಾಮಾನು ಎಂದು ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ, ಅಷ್ಟೇ.

ಕಿರೀಟದ್ದೂ ಇದೇ ಕಥೆ. ಶೆಫೀಲ್ಡ್ ಊರಿನ ಬೆಳ್ಳಿ ಪರೀಕ್ಷೆಯ ಗುರುತು ಕಿರೀಟವೇ, ಅದು ಸರಿ. ಆದರೆ ಮುಲಾಮಿನ ಸಾಮಾನು ಮಾಡುವವರೂ ಅದನ್ನು ಧಾರಾಳವಾಗಿ ಒತ್ತುತ್ತಿದ್ದರು. 1896ರಲ್ಲಿ ಅದಕ್ಕೆ ತಡೆ ಬಿತ್ತು. ನನ್ನ ಸೆಟ್ಟಿನ ಕಿರೀಟ ಹೇಳುತ್ತಿದ್ದದ್ದು ಇಷ್ಟೇ: ನಾನು ಹಳೆಯವನು, ಬೆಳ್ಳಿಯವನಲ್ಲ.

ಅಂಗಡಿಗೆ ವಾಪಸ್ ಹೋದೆ. ಜಗಳವಾಡಲು ಸಿದ್ಧನಾಗಿಯೇ ಹೋಗಿದ್ದೆ. ಅವರು ಶಾಂತವಾಗಿ 'ಬಿಲ್ ತೋರಿಸಿ' ಎಂದರು. ಬಿಲ್ಲಿನಲ್ಲಿ 'ಹಳೆಯ ಟೀ ಸೆಟ್, ವೈಟ್ ಮೆಟಲ್' ಎಂದಿತ್ತು. ಬೆಳ್ಳಿ ಎಂಬ ಮಾತೇ ಇಲ್ಲ. ತೂಕವೂ ಇಲ್ಲ. ಬಾಯಲ್ಲಿ ಹಾಲ್‌ಮಾರ್ಕ್, ಕಾಗದದಲ್ಲಿ ವೈಟ್ ಮೆಟಲ್. ಗ್ರಾಹಕರ ಆಯೋಗಕ್ಕೆ ಹೋಗೋಣ ಎಂದುಕೊಂಡೆ. ಆದರೆ ಕೈಯಲ್ಲಿದ್ದ ಒಂದೇ ಸಾಕ್ಷಿ ನನ್ನ ವಿರುದ್ಧವೇ ಮಾತಾಡುತ್ತಿತ್ತು. ಸುಮ್ಮನಾದೆ. ನೀವು ಕೊಳ್ಳುವಾಗ ಬಿಲ್ಲಿನಲ್ಲಿ ಬೆಳ್ಳಿ ಎಂಬ ಪದ, ಎಷ್ಟು ಶುದ್ಧ, ಎಷ್ಟು ತೂಕ, ಮೂರನ್ನೂ ಬರೆಸಿಕೊಳ್ಳಿ. ಬರೆಯಲು ಹಿಂದೆ ಮುಂದೆ ನೋಡಿದರೆ ಅಲ್ಲೇ ಉತ್ತರ ಸಿಕ್ಕಿತು.

ಹಾಗಾದರೆ ನಿಜವಾದ ಇಂಗ್ಲಿಷ್ ಮುದ್ರೆ ಹೇಗಿರುತ್ತದೆ? ಆಮೇಲೆ ಪಟ್ಟು ಹಿಡಿದು ಕಲಿತೆ. ಮುಖ್ಯವಾಗಿ ಹುಡುಕಬೇಕಾದದ್ದು ಸಿಂಹ. ಎಡಕ್ಕೆ ಮುಖ ಮಾಡಿ ನಡೆಯುತ್ತಿರುವ, ಮುಂಗಾಲೊಂದನ್ನು ಎತ್ತಿದ ಸಿಂಹ. ಅದಿದ್ದರೆ ಸ್ಟರ್ಲಿಂಗ್, ಅಂದರೆ ಸಾವಿರಕ್ಕೆ 925 ಪಾಲು ಬೆಳ್ಳಿ. ಪಕ್ಕದಲ್ಲಿ ಊರಿನ ಗುರುತು: ಲಂಡನ್‌ಗೆ ಚಿರತೆಯ ತಲೆ, ಬರ್ಮಿಂಗ್‌ಹ್ಯಾಮ್‌ಗೆ ಲಂಗರು, ಶೆಫೀಲ್ಡ್‌ಗೆ ಕಿರೀಟ (1975ರಿಂದ ಗುಲಾಬಿ). ಸಮುದ್ರವೇ ಇಲ್ಲದ ಬರ್ಮಿಂಗ್‌ಹ್ಯಾಮ್‌ಗೆ ಲಂಗರು ಯಾಕೆ ಎಂದು ನನಗೂ ಅನಿಸಿತ್ತು. 1773ರಲ್ಲಿ ಬರ್ಮಿಂಗ್‌ಹ್ಯಾಮ್, ಶೆಫೀಲ್ಡ್ ಎರಡೂ ಊರಿನವರು ಪರೀಕ್ಷಾ ಕಚೇರಿಗಾಗಿ ಲಂಡನ್‌ನಲ್ಲಿ ಓಡಾಡುವಾಗ 'ಕ್ರೌನ್ ಅಂಡ್ ಆಂಕರ್' (ಕಿರೀಟ ಮತ್ತು ಲಂಗರು) ಎಂಬ ಹೋಟೆಲಿನಲ್ಲಿ ಸೇರುತ್ತಿದ್ದರಂತೆ. ಅದರ ಹೆಸರನ್ನೇ ಇಬ್ಬರೂ ಹಂಚಿಕೊಂಡರು ಎಂದು ಹೇಳುತ್ತಾರೆ. ಇನ್ನೊಂದು ಚೌಕಟ್ಟಿನಲ್ಲಿ ವರ್ಷದ ಅಕ್ಷರ. ಮತ್ತೊಂದರಲ್ಲಿ ಮಾಡಿದವರ ಹೆಸರಿನ ಮೊದಲಕ್ಷರಗಳು. 1784ರಿಂದ 1890ರವರೆಗಿನದಾದರೆ ಸಾಮಾನ್ಯವಾಗಿ ರಾಜನ ಅಥವಾ ರಾಣಿಯ ತಲೆಯೂ ಇರುತ್ತದೆ. ಅದು ತೆರಿಗೆ ಕಟ್ಟಿದ ಗುರುತು.

ವರ್ಷದ ಅಕ್ಷರದಲ್ಲಿ ಅವಸರ ಬೇಡ. ಒಂದೇ ಅಕ್ಷರ ಒಂದೊಂದು ಊರಿನಲ್ಲಿ ಒಂದೊಂದು ವರ್ಷವನ್ನು ಹೇಳುತ್ತದೆ. ಸುತ್ತು ಮುಗಿದರೆ ಮತ್ತೆ ಅದೇ ಅಕ್ಷರ ಬರುತ್ತದೆ, ಲಿಪಿಯ ಶೈಲಿ ಮತ್ತು ಚೌಕಟ್ಟಿನ ಆಕಾರ ಮಾತ್ರ ಬೇರೆ. ಮೊದಲು ಊರು, ಆಮೇಲೆ ಅಕ್ಷರ.

ನನ್ನ ಸೆಟ್ಟಿನಲ್ಲಿ ಇನ್ನೂ ಎರಡು ಸುಳಿವು ಕಣ್ಣೆದುರೇ ಇದ್ದವು. ಕಳಚಿ ಬರುವ ಮುಚ್ಚಳಕ್ಕೂ ಮುದ್ರೆ ಇರಬೇಕು ಎಂಬುದು ಇಂಗ್ಲೆಂಡಿನ ಪದ್ಧತಿ. ನನ್ನ ಪಾಟಿನ ಮುಚ್ಚಳದಲ್ಲಿ ಏನೂ ಇರಲಿಲ್ಲ. ತಳದಲ್ಲಿ ಮುದ್ರೆಯ ಕೆಳಗೆ ದೊಡ್ಡದಾಗಿ ನಾಲ್ಕಂಕಿಯ ನಂಬರ್ ಇತ್ತು. ಅದು ಕಾರ್ಖಾನೆಯ ಮಾದರಿ ಸಂಖ್ಯೆ. ಮುಲಾಮಿನ ಸಾಮಾನಿನಲ್ಲಿ ಇದು ತುಂಬಾ ಸಾಮಾನ್ಯ.

ಸಿಂಹ ಕಂಡರೂ ಕುಣಿಯಬೇಡಿ. ಮುರಿದ ಚಮಚದ ಮುದ್ರೆ ಕತ್ತರಿಸಿ ದೊಡ್ಡ ಪಾತ್ರೆಯ ತಳಕ್ಕೆ ಬೆಸುಗೆ ಹಾಕುವ ಕಲೆ ಇಂಗ್ಲೆಂಡಿನಲ್ಲೇ ನಡೆಯುತ್ತಿತ್ತು. ಮುದ್ರೆಯ ಮೇಲೆ ಬಾಯಿಂದ ಹಬೆ ಊದಿ ನೋಡಿ. ಬೆಸುಗೆಯ ಗೆರೆ ಇದ್ದರೆ ಆ ಒಂದು ಕ್ಷಣ ಕಾಣಿಸಿಕೊಳ್ಳುತ್ತದೆ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ, ಇದನ್ನು ನಾನು ಕೊಳ್ಳುವ ಮೊದಲು ಮಾಡಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಅಡುಗೆ ಮನೆಯ ಡಿಜಿಟಲ್ ತಕ್ಕಡಿ ಸಾಕು. ನನ್ನ ಸಕ್ಕರೆ ಬಟ್ಟಲು 260 ಗ್ರಾಂ. ತಕ್ಕಡಿಯ ಮೇಲೆ ನೀರಿನ ಪಾತ್ರೆ ಇಟ್ಟು ಸೊನ್ನೆ ಮಾಡಿ, ಬಟ್ಟಲನ್ನು ದಾರದಲ್ಲಿ ಕಟ್ಟಿ, ತಳ ಮುಟ್ಟದಂತೆ ಪೂರ್ತಿ ಮುಳುಗಿಸಿದೆ. ತಕ್ಕಡಿ 30 ಗ್ರಾಂ ತೋರಿಸಿತು. 260ನ್ನು 30ರಿಂದ ಭಾಗಿಸಿದರೆ 8.7ರ ಹತ್ತಿರ. ಅದೇ ಸಾಂದ್ರತೆ, ಅಂದರೆ ಆ ಲೋಹ ಅಷ್ಟೇ ಜಾಗದ ನೀರಿಗಿಂತ ಎಷ್ಟು ಪಟ್ಟು ಭಾರ ಎಂಬುದು. ಸ್ಟರ್ಲಿಂಗ್ ಆಗಿದ್ದರೆ 10.3ರ ಆಸುಪಾಸು ಬರಬೇಕಿತ್ತು, ತಕ್ಕಡಿ 25 ತೋರಿಸಬೇಕಿತ್ತು. ಗಾಳಿ ಗುಳ್ಳೆ ಉಳಿಯಬಾರದು. ಟೊಳ್ಳು ಹಿಡಿ, ಮರದ ಹಿಡಿ, ಒಳಗೆ ರಾಳ ತುಂಬಿದ ದೀಪದ ಕಂಬಕ್ಕೆಲ್ಲ ಈ ಲೆಕ್ಕ ನಡೆಯುವುದಿಲ್ಲ. ಅಂಗಡಿಯ ಎಕ್ಸ್‌ಆರ್‌ಎಫ್ ಮೆಷಿನ್ (ಎಕ್ಸ್-ರೇ ಹಾಯಿಸಿ ಯಾವ ಲೋಹ ಎಂದು ಹೇಳುವುದು) ಒಳ್ಳೆಯದೇ, ಆದರೆ ಅದು ನೋಡುವುದು ಮೇಲಿನ ತೆಳುವಾದ ಪದರವನ್ನು ಮಾತ್ರ. ಮುಲಾಮು ದಪ್ಪವಿದ್ದರೆ ಅದಕ್ಕೂ ಮಂಕುಬೂದಿ. ಸವೆದ ಅಂಚಿನಲ್ಲಿ ಇಟ್ಟು ನೋಡಲು ಹೇಳಿ. ಚೀಟಿಯಲ್ಲಿ ನಿಕಲ್, ಸತು ಜಾಸ್ತಿ ಬಂದರೆ ಎದ್ದು ಬನ್ನಿ.

ಇನ್ನು ಎರಡನೆಯ ತಪ್ಪು.

ಟೀ ಸೆಟ್ಟಿನ ಅವಮಾನದಲ್ಲಿದ್ದಾಗ ಅಮ್ಮ ಅಜ್ಜಿಯ ಪನ್ನೀರುದಾನಿ ತೆಗೆದುಕೊಟ್ಟಳು. ಕಪ್ಪಗೆ ಇದ್ದಿಲಾಗಿತ್ತು. ಹೊಟ್ಟೆಯ ಸುತ್ತ ದೇವರ ಮೂರ್ತಿಗಳು. ತಳದಲ್ಲಿ ಏನೋ ಒತ್ತಿದ್ದು ಬೆರಳಿಗೆ ತಾಗುತ್ತಿತ್ತು. ಸಿಂಹವಂತೂ ಇರಲಿಲ್ಲ. ಹೊಸದಾಗಿ ಕಲಿತ ಜಂಬ ಬೇರೆ: ಸಿಂಹ ಇಲ್ಲ, ಹಾಗಾದರೆ ಲೆಕ್ಕಕ್ಕಿಲ್ಲ. ಪಾಲಿಶ್ ಅಂಗಡಿಗೆ ಕೊಟ್ಟೆ. ಅವನು ಬಫಿಂಗ್ ಚಕ್ರಕ್ಕೆ ಹಿಡಿದ. ಕನ್ನಡಿಯ ಹಾಗೆ ಫಳಫಳ ಬಂತು. ತಳವೂ ನುಣ್ಣಗೆ ಬಂತು.

ತಿಂಗಳ ನಂತರ ತಮ್ಮನ ಫೋನಿನಲ್ಲಿ ಹಳೆಯ ಫೋಟೋ ಸಿಕ್ಕಿತು. ಯಾವುದೋ ಮದುವೆಯಲ್ಲಿ ತೆಗೆದದ್ದು. ಪನ್ನೀರುದಾನಿ ಅಡ್ಡ ಬಿದ್ದಿದೆ, ತಳ ಕ್ಯಾಮೆರಾ ಕಡೆಗಿದೆ. ದೊಡ್ಡದು ಮಾಡಿದರೆ ಮಸುಕಾಗಿ ಇಂಗ್ಲಿಷ್‌ನಲ್ಲಿ 'ಪಿ. ಓರ್ ಅಂಡ್ ಸನ್ಸ್, ಮದ್ರಾಸ್'. ಮೌಂಟ್ ರೋಡಿನ ಆ ಹಳೆಯ ಗಡಿಯಾರದ ಅಂಗಡಿ. 19ನೇ ಶತಮಾನದಲ್ಲಿ ಅವರು ಬೆಳ್ಳಿ ಕೆಲಸಕ್ಕೂ ಹೆಸರುವಾಸಿ. ದೇವರ ಮೂರ್ತಿಗಳನ್ನು ಉಬ್ಬಿಸಿದ ಆ ಮದ್ರಾಸ್ ಶೈಲಿಯನ್ನು ಬ್ರಿಟಿಷರು 'ಸ್ವಾಮಿ' ಬೆಳ್ಳಿ ಎಂದೇ ಕರೆಯುತ್ತಿದ್ದರು.

ನನಗೆ ಆಗ ಗೊತ್ತಿಲ್ಲದಿದ್ದದ್ದು ಇದು: ಬ್ರಿಟಿಷರ ಕಾಲದ ಭಾರತದಲ್ಲಿ ಇಂಗ್ಲೆಂಡಿನ ಹಾಗೆ ಸರ್ಕಾರಿ ಹಾಲ್‌ಮಾರ್ಕ್ ಇರಲಿಲ್ಲ. ಮಾಡಿದವರು ತಮ್ಮ ಹೆಸರು ಒತ್ತಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಕಲ್ಕತ್ತಾದ ಹ್ಯಾಮಿಲ್ಟನ್ ಕಂಪನಿಯ ಸಾಮಾನಿನಲ್ಲಿ ಆನೆಯ ಗುರುತು ಕಾಣುತ್ತದೆ. ಭುಜ್‌ನ ಬೆಳ್ಳಿ ಕೆಲಸಗಾರ ಊಮರ್ಸಿ ಮಾವ್ಜಿಯದು ಬರೀ 'ಓ.ಎಂ. ಭುಜ್'. ನಮ್ಮ ಅಜ್ಜಿಯರ ಕಾಲದ ಚೊಂಬು, ಹರಿವಾಣ, ಭರಣಿಯ ಮೇಲೆ ಎಷ್ಟೋ ಸಲ ಮುದ್ರೆಯೇ ಇರುವುದಿಲ್ಲ, ಆದರೂ ಗಟ್ಟಿ ಬೆಳ್ಳಿ. ಇರುವ ಕನ್ನಡ ಅಕ್ಷರಗಳು ಮನೆಯವರ ಹೆಸರಿನವು, ಪಾತ್ರೆ ಅಂಗಡಿಯಲ್ಲಿ ಕೊರೆಸಿದವು. ಅದನ್ನೂ ಉಜ್ಜಿ ಅಳಿಸಬೇಡಿ. ಹೊಸ ಬೆಳ್ಳಿಗೆ ಈಗ ಬಿಐಎಸ್ ಹಾಲ್‌ಮಾರ್ಕ್ ಇದೆ, ಚಿನ್ನಕ್ಕಿರುವಂತೆ ಕಡ್ಡಾಯವಲ್ಲ.

ಹಾಗಾಗಿ ಹಳೆಯ ಬೆಳ್ಳಿ ಕೈಗೆ ಬಂದರೆ ಉಜ್ಜುವ ಮೊದಲು ಫೋಟೋ. ತಳ, ಮುಚ್ಚಳದ ಒಳಭಾಗ, ಹಿಡಿಯ ಬುಡ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಕಪ್ಪು ಕೂತಿದ್ದರೆ ಮುದ್ರೆ ಓದಲು ಇನ್ನೂ ಸುಲಭ. ಬಫಿಂಗ್ ಚಕ್ರದ ಹತ್ತಿರ ಸುಳಿಯಲೇಬೇಡಿ. ಆ ಚಕ್ರ ಕಪ್ಪಿನ ಜೊತೆ ಬೆಳ್ಳಿಯನ್ನೂ ಕೆರೆಯುತ್ತದೆ. ನನ್ನ ದೇವರುಗಳಿಗೆ ಈಗ ಮೂಗು ಮೊಂಡಾಗಿದೆ.

ಕಪ್ಪು ಎಂದರೆ ಗಾಳಿಯ ಗಂಧಕ ಬೆಳ್ಳಿಗೆ ಹತ್ತಿ ಆಗುವ ಪದರ, ಕೊಳೆಯಲ್ಲ. ಬಿಸಿ ನೀರು, ಸ್ವಲ್ಪ ಸೋಪು, ಮೆತ್ತನೆಯ ಹತ್ತಿ ಬಟ್ಟೆ, ತೊಳೆದ ಕೂಡಲೇ ಒರೆಸುವುದು. ಮೇಲಿನ ಕೊಳೆ, ಜಿಡ್ಡಿಗೆ ಇಷ್ಟೇ ಸಾಕು. ಕಪ್ಪು ಇದರಿಂದ ಪೂರ್ತಿ ಹೋಗುವುದಿಲ್ಲ, ಹೋಗಬೇಕೆಂದೂ ಇಲ್ಲ. ಟೂತ್‌ಪೇಸ್ಟ್ ಬೇಡ, ಗೀರು ಬೀಳುತ್ತದೆ. ಹುಣಸೆಹಣ್ಣನ್ನು ಹಿತ್ತಾಳೆಗೆ ಬಿಡಿ. ಅಲ್ಯೂಮಿನಿಯಂ ಹಾಳೆ, ಅಡುಗೆ ಸೋಡಾ, ಬಿಸಿ ನೀರಿನ ಉಪಾಯ ಎಲ್ಲರ ವಾಟ್ಸಾಪ್‌ನಲ್ಲೂ ಓಡಾಡುತ್ತದೆ. ಸಾದಾ ಚಮಚಕ್ಕೆ ಪರವಾಗಿಲ್ಲ. ಕೆತ್ತನೆಯ ಕೆಲಸಕ್ಕೆ ಬೇಡ, ಗೆರೆಗಳ ಸಂದಿಯ ಕಪ್ಪೆಲ್ಲ ಹೋಗಿ ಚಿತ್ತಾರ ಬಿಳಿಚಿಕೊಳ್ಳುತ್ತದೆ. ಮುಲಾಮಿನ ಸಾಮಾನನ್ನಂತೂ ಎಷ್ಟು ಕಡಿಮೆ ಉಜ್ಜಿದರೆ ಅಷ್ಟು ಒಳ್ಳೆಯದು.

ಇಡುವಾಗ ರಬ್ಬರ್ ಬ್ಯಾಂಡ್ ಹಾಕಬೇಡಿ, ಅದರಲ್ಲೂ ಗಂಧಕ ಇದೆ. ಹಾಕಿದ ಕಡೆ ಕಪ್ಪು ಬಳೆ ಮೂಡುತ್ತದೆ. ಪೇಪರಿನಲ್ಲಿ ಸುತ್ತಬೇಡಿ. ಹಳೆಯ ಮಲ್ ಪಂಚೆ ಚೆನ್ನಾಗಿ ಒಗೆದಿದ್ದರೆ ಸಾಕು. ಉಪ್ಪಿನ ಬಟ್ಟಲಾದರೆ ಊಟದ ನಂತರ ಉಪ್ಪು ತೆಗೆದು ತೊಳೆಯಿರಿ, ಇಲ್ಲದಿದ್ದರೆ ಚುಕ್ಕಿ ಚುಕ್ಕಿಯಾಗಿ ತಿಂದುಹಾಕುತ್ತದೆ.

ಹೊರದೇಶದಲ್ಲಿರುವವರಿಗೆ ಒಂದು ಮಾತು. ನೂರು ವರ್ಷ ದಾಟಿದ ಕುಸುರಿ ಕೆಲಸದ ಸಾಮಾನು 1972ರ ಪ್ರಾಚೀನ ವಸ್ತುಗಳ ಕಾಯಿದೆಯಡಿ ಬರಬಹುದು. ಅಜ್ಜಿಯದು ಎಂದು ಸೂಟ್‌ಕೇಸಿಗೆ ಹಾಕಿಕೊಂಡು ಹೊರಡುವ ಮೊದಲು ವಿಚಾರಿಸಿ.

ಟೀ ಸೆಟ್ ಇನ್ನೂ ಮನೆಯಲ್ಲೇ ಇದೆ. ಭಾನುವಾರ ಅದರಲ್ಲೇ ಚಹಾ. ಹೆಂಡತಿ ನೆಂಟರಿಗೆ 'ಇವರ ದೊರೆಸಾನಿ ಸೆಟ್' ಎಂದೇ ಪರಿಚಯ ಮಾಡಿಸುತ್ತಾಳೆ. ಆ ಬಿಲ್ಲನ್ನು ಸಕ್ಕರೆ ಬಟ್ಟಲಿನೊಳಗೆ ಮಡಿಸಿ ಇಟ್ಟಿದ್ದೇನೆ. ಪನ್ನೀರುದಾನಿಯ ಪೆಟ್ಟಿಗೆಯಲ್ಲಿ ಆ ಮಸುಕು ಫೋಟೋದ ಪ್ರಿಂಟ್ ಇದೆ.