ಎರಡು ವರ್ಷ ಬಳಸಿದ ಕಟ್ಟಿಗಿ ಕೆತ್ತೋ ಸೆಟ್: ಚಾಕು ಸುಮಾರ, ತೊಗಲಿನ ಪಟ್ಟಿ ಬಂಗಾರ

ಈ ಸೆಟ್ ತಗೊಂಡು ಎರಡು ವರ್ಷದ ಮ್ಯಾಲಾತು. ಆನ್‌ಲೈನ್‌ನ್ಯಾಗ 1,900 ರೂಪಾಯಿ ಇತ್ತು, ನಾಕು ಮಂದಿ ಗೆಳ್ಯಾರು ತಲಿಗೆ 475 ಹಾಕಿ ತರಿಸಿದ್ವಿ. ಡಬ್ಬ್ಯಾಗ ಏನೇನ್ ಬರತೈತಿ ಅಂತ ಫೋಟೋದಾಗ ನೋಡೇ ಇರ್ತೀರಿ, ಮೂರು ಚಾಕು, ಒಂದ್ ಜೋಡಿ ಕೈಗವಸು, ತೊಗಲಿನ ಪಟ್ಟಿ, ಹಸಿರು ಪೇಸ್ಟು, ಅದನ್ನೆಲ್ಲಾ ಬಿಡ್ರಿ. ನಾ ಹೇಳಬೇಕಾಗಿದ್ದು ಧಾರದ ಬಗ್ಗೆ.

ಮದಲನೇ ರವಿವಾರ ಧಾರವಾಡದ ಮಾಳಮಡ್ಡ್ಯಾಗ ಗೆಳೆಯಾನ ಮನಿ ಪಡಸಾಲ್ಯಾಗ ಕುಂತಿದ್ವಿ. ಕಟ್ಟಿಗಿ ಎಲ್ಲಿಂದ ತರೋದು ಅಂತ ಗೊತ್ತಿರಲಿಲ್ಲ, ಓಣ್ಯಾಗ ಯಾರೋ ಹಳೇ ಮನಿ ಕೆಡವಿದ್ರು, ಅದರ ಕಿಡಕಿ ಚೌಕಟ್ಟು ಸಾಗವಾನಿದು, ಪುಕ್ಕಟ್ಟ ಸಿಕ್ತು ಅಂತ ಖುಷಿಯಿಂದ ಹೊತ್ಕೊಂಡು ಬಂದ್ವಿ. ನಾಕೂ ಮಂದಿ ಪೆನ್ಸಿಲ್‌ಲೇ ಚಮಚದ ಆಕಾರ ಬರಕೊಂಡು ಶುರು ಮಾಡಿದ್ರ ಅರ್ಧ ತಾಸಿಗೇ ಅಂಗೈ ಬೊಬ್ಬಿ ಬಂತು. ಚಾಕು ಕಟ್ಟಿಗಿ ಒಳಗ ಇಳಿಯವಲ್ದು, ಮ್ಯಾಲೆ ಜಾರಿ ಹೋಗತಿತ್ತು. ಸಣ್ಣ ಚಾಕು ತುದಿ ಒಂದು ಗಂಟಿನ್ಯಾಗ ಸಿಕ್ಕೊಂಡು 2 ಮಿಲಿಮೀಟರಿನಷ್ಟು ಟಣ್ ಅಂತ ಮುರೀತು. ಮಾರಿದವರಿಗೆ ಬರದ್ವಿ, 7 ದಿನ ದಾಟಿದ್ವು, ಬಳಸಿದ ಮಾಲು ವಾಪಸ್ ಇಲ್ಲ ಅಂದ್ರು. ಸಿಟ್ಟು ಬಂದು ಡಬ್ಬಿ ಕಪಾಟಿನ್ಯಾಗ ಇಟ್ಟವ್ರು ಎರಡು ತಿಂಗಳು ತಗೀಲಿಲ್ಲ. ಅಷ್ಟರಾಗ ನಮ್ಮ ಧಾರವಾಡದ ಜಿಟಿಜಿಟಿ ಮಳಿ ಹತ್ತಿತ್ತು, ಇದು ಕಾರ್ಬನ್ ಸ್ಟೀಲು, ಎಣ್ಣಿ ಹಚ್ಚದ ಇಟ್ಟಿದ್ದಕ್ಕ ಮೂರೂ ಚಾಕುಗೆ ಕಂದು ಕಂದು ಜಂಗು ಹಿಡದಿತ್ತು. ಆವತ್ತೇ ರಿವ್ಯೂ ಬರದಿದ್ರ ಒಂದ ಸ್ಟಾರ್ ಕೊಡತಿದ್ದೆ.

ಕಸದ ಡಬ್ಬಿಗೆ ಹೋಗೂದನ್ನ ಉಳಿಸಿದ್ದು ಆ ತೊಗಲಿನ ಪಟ್ಟಿ. ನಾವು ಅದನ್ನ ಚಾಕು ಸುತ್ತಿ ಇಡಾಕ ಕೊಟ್ಟಾರಂತ ತಿಳ್ಕೊಂಡಿದ್ವಿ. ಗೆಳೆಯಾನ ಅಪ್ಪಾರು ನೋಡಿ, ಏ ಇದು ಹಿಂದಕ ಕಟಿಂಗ್ ಅಂಗಡ್ಯಾಗ ಕತ್ತಿ ತಿಕ್ಕತಿದ್ದ ಬೆಲ್ಟ್ ಇದ್ದಂಗ ಐತಿ, ತಿಕ್ಕಿ ನೋಡ್ರಲೇ ಅಂದ್ರು. ಪಟ್ಟೀನ ಒಂದು ಹಲಗಿ ತುಂಡಿಗೆ ಫೆವಿಕಾಲ್ ಹಚ್ಚಿ ಅಂಟಿಸಿದ್ವಿ, ಹಸಿರು ಪೇಸ್ಟು ಬಳಪದಂಗ ಮ್ಯಾಲೆ ತಿಕ್ಕಿದ್ವಿ. ಆವತ್ತಿನಿಂದ ಇವತ್ತಿನ ತನಕ ನಮ್ಮ ರವಿವಾರ ಶುರು ಆಗೋದು ಹಿಂಗ: ಚಹಾ ಕುದಿಯಾಕ ಇಟ್ಟು, ಚಾಕುವಿನ ಬೆನ್ನು ಮುಂದ, ಧಾರ ಹಿಂದ ಮಾಡಿ, ಅಲಗಿನ ಇಳಿಜಾರು, ಅಂದ್ರ ಧಾರದ ಕಡೆ ತೆಳ್ಳಗಾಗ್ತಾ ಹೋಗೋ ಭಾಗ, ತೊಗಲಿಗೆ ಪೂರಾ ಕೂರೋಹಂಗ ಹಿಡದು, ಒಂದು ಮಗ್ಗಲಕ್ಕ ಇಪ್ಪತ್ತು ಸಲ, ಇನ್ನೊಂದಕ್ಕ ಇಪ್ಪತ್ತು ಸಲ ಎಳೀಬೇಕು. ಧಾರ ಮುಂದ ಮಾಡಿ ತಳ್ಳಿದ್ರ ತೊಗಲು ಹರೀತೈತಿ. ಕಡೀಗೆ ಬಂದಾಗ ಮಣಿಕಟ್ಟು ಎತ್ತಬಾರ್ದು, ಎತ್ತಿದ್ರ ಧಾರ ದುಂಡಗ ಆಗತೈತಿ, ಅಲ್ಲೇ ನಿಲ್ಲಿಸಿ ಆಮ್ಯಾಲೆ ಚಾಕು ತಗೀಬೇಕು, ಇದೊಂದು ಕಲಿಯಾಕ ನನಗ ಒಂದು ತಿಂಗಳು ಬೇಕಾತು. ಎಳದಂಗ ಎಳದಂಗ ಹಸಿರು ಇದ್ದದ್ದು ಕರ್ರಗ ಆಗ್ತಾ ಬರತೈತಿ, ಅದು ಉಕ್ಕಿನ ಪುಡಿ, ಅದು ಕಂಡ್ರ ಕೆಲಸ ನಡದೈತಿ ಅಂತ ಅರ್ಥ. ನಾಕು ಮಂದಿ ಪಾಳಿ ಹಚ್ಚಿ ತಿಕ್ಕತೀವಿ, ಮಾತು ಕಡಿಮಿ, ಸರಕ್ ಸರಕ್ ಅನ್ನೋ ಸಪ್ಪಳ ಅಷ್ಟ. ವಾರ ಪೂರ್ತಿ ಹುಬ್ಬಳ್ಳಿ ಬಸ್ಸಿನ್ಯಾಗ ಅಡ್ಡಾಡಿದ ತಲಿ ಆ ಹತ್ತು ನಿಮಿಷದಾಗ ತಣ್ಣಗ ಆಗತೈತಿ, ಇದನ್ನ ನಾ ಖರೆ ಹೇಳಾಕತ್ತೀನಿ.

ಧಾರ ಬಂತೋ ಇಲ್ಲೋ ನೋಡಾಕ ಪೇಪರ್ ಕೊಯ್ಯೋದು, ಕೈಗೂದಲ ಹೆರಿಯೋದು ಬ್ಯಾಡ. ಒಂದು ತುಂಡು ಮೆತ್ತಗಿನ ಕಟ್ಟಿಗಿ ತಗೊಂಡು ಎಳಿಗೆ ಅಡ್ಡ ಕೊಯ್ದು ಬೆಳಕಿಗೆ ಹಿಡೀರಿ. ಕೊಯ್ದ ಜಾಗ ಎಣ್ಣಿ ಸವರಿದಂಗ ಮಿಂಚಿದ್ರ ಧಾರ ಐತಿ. ಬೆಳ್ಳಗ ಪುಡಿಪುಡಿ ಕಂಡ್ರ ಮೊಂಡ. ನಡಕ ಒಂದ ಸಣ್ಣ ಗೆರಿ ಎದ್ದಿದ್ರ ಅಲಗಿನ್ಯಾಗ ಆ ಜಾಗಕ್ಕ ಒಂದು ಚೂರು ಹಾರೇತಿ ಅಂತ ತಿಳೀಬೇಕು.

ಸೆಟ್‌ನ ಖರೆ ತಪ್ಪು ಡೊಂಕು ಚಾಕುದು, ಚಮಚದ ಗುಳಿ ತೋಡಾಕ ಕೊಡ್ತಾರಲ್ಲ ಅದು. ಹೊರಗಿನ ಮಗ್ಗಲಕ್ಕ ಧಾರದ ತುದ್ಯಾಗ ಇನ್ನೊಂದು ಕಡಿದಾದ ಇಳಿಜಾರು ಹೊಡದು ಕಳಿಸ್ಯಾರ, ಅದಕ್ಕ ಅಲಗು ಕಟ್ಟಿಗಿ ಕಚ್ಚೂದಿಲ್ಲ, ಕೆರೀತೈತಿ. ಸಪಾಟ ಹಲಗಿಗೆ ಪಾಲಿಷ್ ಪೇಪರ್ ಅಂಟಿಸಿ 600, 1000, ಆಮ್ಯಾಲೆ 2000 ನಂಬರು, ಹೊರಮಗ್ಗಲ ಹೊಳ್ಳಿಸಿ ಹೊಳ್ಳಿಸಿ ತಿಕ್ಕಿ, ಒಳಗಿಂದಕ್ಕ ಅದನ್ನೇ ಒಂದು ಪೆನ್ನಿಗೆ ಸುತ್ತಿ ತಿಕ್ಕಿ, ಮೂರು ರವಿವಾರ ಅದಕ್ಕ ಹೋದ್ವು. ರೊಕ್ಕ ಕೊಟ್ಟ ಮ್ಯಾಲೆ ಈ ಕೆಲಸ ನಾವ್ಯಾಕ ಮಾಡಬೇಕು? ಇದನ್ನ ನಾ ಇನ್ನೂ ಕ್ಷಮಿಸಿಲ್ಲ.

ಕಟ್ಟಿಗಿ ವಿಷಯದಾಗ ತಪ್ಪು ನಮ್ದು, ಚಾಕುದಲ್ಲ. ಸಾಗವಾನಿ ಒಳಗ ಸಿಲಿಕಾ ಇರತೈತಿ, ಮರಳಿನ ಜಾತೀದು, ಅದು ಧಾರಾನ ತಿಂತೈತಿ, ಬಡಿಗ್ಯಾರು ಸುಮ್ನ ಬೈಯೂದಿಲ್ಲ. ಕಣ್ಣು ತೆರೆದದ್ದು ಕಟ್ಟಿಗಿ ಗೊಂಬಿಗೆ ಹೆಸರಾದ ಕಿನ್ನಾಳಕ್ಕ ಹೋದಾಗ. ಗದಗಿನಿಂದ ರೈಲು ಹಿಡದು ಕೊಪ್ಪಳಕ್ಕ ಇಳದು ಅಲ್ಲಿಂದ ಊರಿಗೆ ಹೋದ್ವಿ. ಅಲ್ಲಿ ಗೊಂಬಿ ಮಾಡೋ ಕಟ್ಟಿಗಿ ಕೈಯಾಗ ಹಿಡದ್ರ ತೂಕಾನ ಇಲ್ಲ, ಅಷ್ಟು ಹಗುರ. ಸಂದಿ ಬಿಟ್ಟಲ್ಲಿ ಗೋಣಿ ನಾರು, ಕಟ್ಟಿಗಿ ಪುಡಿ, ಹುಣಸಿ ಬೀಜದ ಅಂಟು ಕಲಸಿ ತುಂಬ್ತಾರ, ಅದರ ಮ್ಯಾಲೆ ಬಣ್ಣ. ಬಂದ ಮ್ಯಾಲೆ ಸಾಗವಾನಿ ಪೂರಾ ಬಿಟ್ವಿ. ಈಗ ಹಾನಗಲ್ಲಿನ ಗೆಳೆಯ ಊರಿಂದ ಶಿವನಿ ಮರದ ತುಂಡು ತರ್ತಾನ, ಅದು ಸಿಗಲಿಲ್ಲಂದ್ರ ಆಗಷ್ಟ ಕಡದ ಬೇವಿನ ಹಸಿ ಟೊಂಗಿ. ಹಸೀದು ಬೆಣ್ಣಿಯಂಗ ಕೊಯ್ತೈತಿ, ಆದ್ರ ಅರ್ಧಕ್ಕ ಬಿಟ್ಟು ಎದ್ರ ಪ್ಲಾಸ್ಟಿಕ್ ಚೀಲದಾಗ ಕಟ್ಟಿ ಇಡ್ರಿ, ಇಲ್ಲಂದ್ರ ಮುಂದಿನ ರವಿವಾರಕ್ಕ ಬಿರಕು ಬಿಟ್ಟಿರತೈತಿ.

ಕೈಗವಸು ಅಡ್ಡ ಕೊಯ್ತ ತಡೀತೈತಿ, ಚುಚ್ಚೋದನ್ನ ತಡಿಯೂದಿಲ್ಲ, ಅದನ್ನ ನಂಬಿ ಅಂಗೈ ಕಡೆ ಚಾಕು ತಳ್ಳಬ್ಯಾಡ್ರಿ. ಚಮಚಕ್ಕ ನಾವು ಹಚ್ಚೋದು ಗಾಣದ ಅಗಸಿ ಎಣ್ಣಿ, ಒಣಗಾಕ ವಾರಗಟ್ಟಲೆ ಹಿಡೀತೈತಿ, ಪಡಸಾಲಿ ತುಂಬ ಅಗಸಿ ಹಿಂಡಿ ವಾಸನಿ. ಒರಿಸಿದ ಅರಬಿ ಮಾತ್ರ ಮುದ್ದಿ ಮಾಡಿ ಮೂಲ್ಯಾಗ ಒಗೀಬ್ಯಾಡ್ರಿ, ಆ ಎಣ್ಣಿ ಒಣಗೋ ಮುಂದ ಕಾವು ಏರಿ ತಾನ ಬೆಂಕಿ ಹತ್ತತೈತಿ. ನಾವು ನೀರಾಗ ಅದ್ದಿ, ಹೊರಗ ಹರವಿ ಒಣಗಿಸಿ ಆಮ್ಯಾಲೆ ಒಗೀತೀವಿ.

ಐದಕ್ಕ ಮೂರು ಕೊಡ್ತೀನಿ. ನೆಟ್ಟಗಿನ ದೊಡ್ಡ ಚಾಕು ಚಲೋ ಐತಿ, ಎರಡು ವರ್ಷ ತಿಕ್ಕಿದ್ರೂ ಹಿಡಿಕಿ ಅಳ್ಳಾಡಿಲ್ಲ, ನನಗ ಸಿಕ್ಕದ್ದೂ ಅದ. ಒಬ್ಬರ ಇದ್ದೀರಿ, ಬಜೆಟ್ ಕಡಿಮಿ ಐತಿ ಅಂದ್ರ ಸೆಟ್ ಬ್ಯಾಡ, ಒಂದ ನೆಟ್ಟಗಿನ ಚಾಕು ತಗೋರಿ, ಚಪ್ಪಲ್ ಹೊಲಿಯೋರ ಹತ್ರ ಒಂದು ಗೇಣು ಉದ್ದದ ದಪ್ಪನ ತೊಗಲು ಕೇಳಿ ಇಸ್ಕೋರಿ. ನಮ್ಮ ಪಟ್ಟಿ ನಡುವ ಸವದು ಹಳ್ಳ ಬಿದ್ದೈತಿ, ಹೋದ ವಾರ ನಾವೂ ಹಂಗ ಒಂದು ತುಂಡು ತಂದು ಹಲಗಿಗೆ ಅಂಟಿಸೀವಿ, ಇನ್ನೂ ಹೊಸಾದು, ಪೇಸ್ಟು ಸರಿ ಹಿಡೀವಲ್ದು.